ರಿಪೋರ್ಟ್ ಎಲ್ಲ ನಾರ್ಮಲ್, ಅಪ್ಪ ಮಾತ್ರ ಸರಿ ಇಲ್ಲ

ಪ್ರಶ್ನೆ (ಹೊಳಲ್ಕೆರೆ ಕಡೆಯ ಸದಸ್ಯರು): ಅಪ್ಪನಿಗೆ 58. ಎರಡು ತಿಂಗಳಿಂದ ಅಡಿಕೆ ತೋಟದ ಕಡೆ ತಲೆ ಹಾಕಿಲ್ಲ. ಬೆಳಗಿನ ಜಾವ ಮೂರೂವರೆಗೇ ಎದ್ದು ಜಗಲಿ ಮೇಲೆ ಕೂತಿರುತ್ತಾರೆ. ಕೊಟ್ಟ ಮಂಡಕ್ಕಿ ತಟ್ಟೆಯಲ್ಲೇ ಮೆತ್ತಗಾಗುತ್ತದೆ. ಕೇಳಿದರೆ ಮೈಕೈ ನೋವು, ಎದೆ ಭಾರ ಅಂತಾರೆ. ದಾವಣಗೆರೆಯಲ್ಲಿ ಇಸಿಜಿ, ಸ್ಕ್ಯಾನಿಂಗ್ ಮಾಡಿಸಿದೆವು, ಎಲ್ಲ ನಾರ್ಮಲ್. ಒಂದು ದಿನವೂ ಅತ್ತಿಲ್ಲ. ಇದು ಡಿಪ್ರೆಶನ್ ಇರಬಹುದಾ?

ಮನೋವೈದ್ಯರು: ಇರಬಹುದು. ಅಳಲೇಬೇಕು ಅಂತೇನಿಲ್ಲ. ನಮ್ಮ ಕಡೆ ಗಂಡಸರು ಬೇಜಾರು ಅನ್ನುವುದಿಲ್ಲ, ಮೈಕೈ ನೋವು ಅಂತಾರೆ. ಅದು ನಾಟಕ ಅಲ್ಲ, ನಿಜವಾಗಿಯೂ ನೋಯುತ್ತದೆ. ಮನಸ್ಸು ಕುಗ್ಗುವುದು ಅಥವಾ ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ಜೊತೆಗೆ ನಿದ್ದೆ, ಹಸಿವು, ಶಕ್ತಿ ಕೆಟ್ಟು 2 ವಾರ ದಾಟಿದರೆ ನಾವು ಖಿನ್ನತೆಯ ಕಡೆ ಯೋಚಿಸುತ್ತೇವೆ. ಥೈರಾಯ್ಡ್ ಟೆಸ್ಟ್ ಆಗಿದೆಯಾ? ಅದು ಕಡಿಮೆಯಾದರೂ ಹೀಗೇ ಕಾಣುತ್ತದೆ. ಇನ್ನೊಂದು ಕೇಳಬೇಕು. ಹಿಂದೆ ಯಾವಾಗಲಾದರೂ ಇದಕ್ಕೆ ಪೂರ್ತಿ ಉಲ್ಟಾ ಇದ್ದರಾ? ನಿದ್ದೆ ಇಲ್ಲದೆಯೂ ದಣಿವಿಲ್ಲ, ಮಾತು ಜಾಸ್ತಿ, ಖರ್ಚು ಜಾಸ್ತಿ?

ಅದೇ ಸದಸ್ಯರು: ಆರು ವರ್ಷದ ಹಿಂದೆ ಹಾಗಿತ್ತು. ಒಂದು ತಿಂಗಳು, ರಾತ್ರಿ ಮೂರು ಗಂಟೆ ಮಲಗಿದರೆ ಹೆಚ್ಚು. ಸಾಲ ಮಾಡಿ ಒಂದೇ ವಾರದಲ್ಲಿ ಮೂರು ಬೋರು ಕೊರೆಸಿದರು. ಮೂರರಲ್ಲೂ ಬರೀ ಧೂಳು. ಅದನ್ನು ನೋಡಿಯೂ ನಗ್ತಾ ಇದ್ದರು. ನಾವು ಹುರುಪು ಅಂದುಕೊಂಡೆವು.

ಮನೋವೈದ್ಯರು: ಹೇಳಿದ್ದು ಒಳ್ಳೆಯದಾಯ್ತು. ಬೋರಿಗೆ ಕೈ ಸುಟ್ಟುಕೊಂಡವರು ಚಿತ್ರದುರ್ಗದಲ್ಲಿ ಬೀದಿಗೊಬ್ಬರು, ಅಷ್ಟಕ್ಕೇ ಕಾಯಿಲೆ ಅನ್ನಲಾಗದು. ನಿದ್ದೆಯೇ ಬೇಡವಾಗಿ, ಧೂಳು ನೋಡಿ ನಗುವುದು ಬೇರೆ. ಬೈಪೋಲಾರ್ ಇರಬಹುದು, ಅಂದರೆ ಮನಸ್ಸು ಒಮ್ಮೆ ಉಬ್ಬಿ ಇನ್ನೊಮ್ಮೆ ಕುಗ್ಗುವ ಕಾಯಿಲೆ. ಅದರ ಕುಗ್ಗಿದ ಹಂತ ನೋಡಲು ಥೇಟ್ ಖಿನ್ನತೆಯೇ, ಔಷಧಿ ಮಾತ್ರ ಬೇರೆ. ಬರೀ ಖಿನ್ನತೆಯ ಮಾತ್ರೆ ಕೊಟ್ಟರೆ ಕೆಲವರು ಮತ್ತೆ ಆ ಉಬ್ಬರಕ್ಕೆ ಏರಿಬಿಡುತ್ತಾರೆ. ಯಾರದೋ ಚೀಟಿ ತೋರಿಸಿ ಮಾತ್ರೆ ತರಬೇಡಿ. ಬೋರಿನ ಕಥೆಯನ್ನು ಡಾಕ್ಟರಿಗೆ ನೀವೇ ಹೇಳಿ, ಅಪ್ಪ ಹೇಳುವುದಿಲ್ಲ.

ಚಳ್ಳಕೆರೆಯ ಸದಸ್ಯರು: ನನಗೆ ಮೂರು ವರ್ಷದಿಂದ ಸಣ್ಣ ಬೇಜಾರು. ಕೆಲಸಕ್ಕೇನೂ ತೊಂದರೆ ಇಲ್ಲ. ನಿನ್ನ ಸ್ವಭಾವನೇ ಅಷ್ಟು ಅಂತಾರೆ ಮನೇಲಿ.

ಮನೋವೈದ್ಯರು: 2 ವರ್ಷ ದಾಟಿದ ಬೇಜಾರಿಗೆ ಡಿಸ್ತೈಮಿಯಾ ಅನ್ನುತ್ತೇವೆ. ಸ್ವಭಾವ ಅಂತ ಸುಮ್ನೆ ಇರಬೇಡಿ, ಬಂದು ತೋರಿಸಿ. ಮಾತ್ರೆ ಕೊಟ್ಟರೆ ಗುಣ ಕಾಣಲು 2ರಿಂದ 4 ವಾರ ಬೇಕು. ಎಷ್ಟೋ ಜನ ಹತ್ತನೇ ದಿನಕ್ಕೇ ಬಿಟ್ಟುಬಿಡುತ್ತಾರೆ.

ಹೊಳಲ್ಕೆರೆ ಸದಸ್ಯರು: ಸರ್, ನಿನ್ನೆ ಅಪ್ಪ 'ನಾನಿದ್ದು ಏನು ಮಾಡ್ಬೇಕು' ಅಂದರು.

ಮನೋವೈದ್ಯರು: ಹಾಗಿದ್ದರೆ ಇವತ್ತೇ ಹೊರಡಿ. ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯರಿಗೆ ತೋರಿಸಿ. ಸಾಯುವ ಯೋಚನೆ ಬರುತ್ತಾ ಅಂತ ಅಪ್ಪನನ್ನೇ ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ, ಹೇಳಿಕೊಳ್ಳಲು ದಾರಿ ಆಗುತ್ತದೆ. ತೋಟದ ಔಷಧಿ ಡಬ್ಬಗಳು ಮನೆಯಲ್ಲಿ ಬೇಡ. ಒಬ್ಬರನ್ನೇ ಬಿಡಬೇಡಿ. ರಾತ್ರಿ ಹೊತ್ತು ಗಾಬರಿಯಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಹೊಳಲ್ಕೆರೆ ಸದಸ್ಯರು: ಡಬ್ಬ ಚಿಕ್ಕಪ್ಪನ ಮನೆಗೆ ಕಳಿಸಿದೆ. ಅಪ್ಪನನ್ನು ಕೇಳಿದೆ, ಹೂಂ ಅಂದರು. ಹನ್ನೊಂದರ ಬಸ್ಸಿಗೆ ದುರ್ಗಕ್ಕೆ ಹೊರಟಿದ್ದೇವೆ.