ಬಿಎಂಐ ಪಾಠದಿಂದ ವಿದ್ಯಾರ್ಥಿಗಳಲ್ಲಿ ನಾಚಿಕೆ ಮೂಡುತ್ತಿದೆಯೇ?

ಪ್ರಶ್ನೆ:
ನಾನು ಪದವಿ ತರಗತಿಗಳಿಗೆ ಆರೋಗ್ಯ ಶಿಕ್ಷಣ ಬೋಧಿಸುತ್ತೇನೆ. ಕಳೆದ ವಾರ ಎಲ್ಲರ ಎತ್ತರ, ತೂಕ ಅಳೆಸಿ ಬಿಎಂಐ (ಬಾಡಿ ಮಾಸ್ ಇಂಡೆಕ್ಸ್, ಅಂದರೆ ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ) ಲೆಕ್ಕ ಹಾಕಿಸಿದೆ. ಸಾಲಿನಲ್ಲಿದ್ದ ಒಬ್ಬ ವಿದ್ಯಾರ್ಥಿನಿ ಮೊದಲು ಚಪ್ಪಲಿ ಬಿಟ್ಟಳು, ಆಮೇಲೆ ಕೈಗಡಿಯಾರ ಬಿಚ್ಚಿದಳು, ತನ್ನ ಸರದಿ ಬರುವ ಹೊತ್ತಿಗೆ ಹಿಂದಿನವರಿಗೆ ದಾರಿ ಬಿಟ್ಟು ಸಾಲಿನ ತುದಿಗೆ ಹೋಗಿ ನಿಂತಳು. ಮರುದಿನ ಅವಳು ತರಗತಿಗೆ ಬರಲಿಲ್ಲ. ಈ ಪಾಠವನ್ನೇ ಕೈಬಿಡಬೇಕೇ, ಅಥವಾ ಕಲಿಸುವ ರೀತಿಯನ್ನು ಬದಲಿಸಬೇಕೇ ಎಂದು ತಿಳಿದವರು ದಯವಿಟ್ಟು ಹೇಳಿ.

ಉತ್ತರ 1:
ಪಾಠ ಇರಲಿ, ತಕ್ಕಡಿ ಬೇಡ. ಕಿಲೋಗ್ರಾಂ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸುವ ಈ ಲೆಕ್ಕದ ಮೂಲ 19ನೇ ಶತಮಾನದ ಬೆಲ್ಜಿಯಂನ ಸಂಖ್ಯಾಶಾಸ್ತ್ರಜ್ಞ ಅಡಾಲ್ಫ್ ಕೆಟಲೆ ಅವರದು. ಅವರು ಹುಡುಕುತ್ತಿದ್ದುದು ಸರಾಸರಿ ಮನುಷ್ಯನನ್ನೇ ಹೊರತು ಯಾವ ರೋಗಿಯನ್ನೂ ಅಲ್ಲ. 1972ರಲ್ಲಿ ಅದಕ್ಕೆ ಈಗಿನ ಹೆಸರು ಕೊಟ್ಟ ಅಮೆರಿಕದ ಶರೀರಶಾಸ್ತ್ರಜ್ಞ ಆನ್ಸೆಲ್ ಕೀಸ್ ಮತ್ತು ಸಂಗಡಿಗರು ಕೂಡ ಜನಸಮೂಹದ ಅಧ್ಯಯನಕ್ಕೆ ಅದು ಅನುಕೂಲ ಎಂದು ಕಂಡಿದ್ದರು. ಸ್ನಾಯು ಎಷ್ಟು, ಕೊಬ್ಬು ಎಷ್ಟು ಎಂಬುದನ್ನು ಆ ಅಂಕಿ ಹೇಳುವುದಿಲ್ಲ. ಇದನ್ನು ಕಾಲ್ಪನಿಕ ಎತ್ತರ, ತೂಕಗಳಿಂದಲೇ ಕಲಿಸಬಹುದಾಗಿರುವಾಗ, ಸಹಪಾಠಿಗಳ ಕಣ್ಣೆದುರು ಒಬ್ಬರ ತೂಕ ನೋಡುವ ಅಗತ್ಯವಾದರೂ ಏನಿದೆ?

ಉತ್ತರ 2:
ಮೇಲಿನ ಮಾತಿಗೆ ನನ್ನ ಪೂರ್ಣ ಸಹಮತವಿದೆ. ಆದರೆ ತಕ್ಕಡಿಯನ್ನು ತೆಗೆದಿಟ್ಟ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಮನಶ್ಶಾಸ್ತ್ರಜ್ಞ ಎರಿಕ್ ಸ್ಟೈಸ್ ಮತ್ತು ಸಹೋದ್ಯೋಗಿಗಳು ರೂಪಿಸಿದ 'ಬಾಡಿ ಪ್ರಾಜೆಕ್ಟ್' ಎಂಬ ಕಾರ್ಯಕ್ರಮದಲ್ಲಿ ಉಪನ್ಯಾಸಕ್ಕಿಂತ ವಿದ್ಯಾರ್ಥಿನಿಯರ ಮಾತಿಗೇ ಹೆಚ್ಚು ಜಾಗ: ತೆಳ್ಳಗಿರುವುದೇ ಸೌಂದರ್ಯ ಎಂಬ ಆದರ್ಶದ ವಿರುದ್ಧ ಅವರೇ ಬರೆಯುತ್ತಾರೆ, ಅವರೇ ವಾದಿಸುತ್ತಾರೆ. ಮನಶ್ಶಾಸ್ತ್ರಜ್ಞ ಲಿಯಾನ್ ಫೆಸ್ಟಿಂಗರ್ 1957ರಲ್ಲಿ ವಿವರಿಸಿದಂತೆ, ಆಡಿದ ಮಾತಿಗೂ ಒಳಗಿನ ನಂಬಿಕೆಗೂ ತಾಳೆಯಾಗದಿದ್ದಾಗ ಮನಸ್ಸಿಗೆ ಕಸಿವಿಸಿಯಾಗುತ್ತದೆ, ಅದನ್ನು ಕಳೆದುಕೊಳ್ಳಲು ನಂಬಿಕೆಯೇ ಸ್ವಲ್ಪ ಸಡಿಲವಾಗುತ್ತದೆ. ಹಲವು ಪ್ರಯೋಗಗಳಲ್ಲಿ ಈ ವಿಧಾನದಿಂದ ದೇಹದ ಬಗೆಗಿನ ಅತೃಪ್ತಿ ಕಡಿಮೆಯಾಗಿರುವುದು ಕಂಡುಬಂದಿದೆ. ಅನೊರೆಕ್ಸಿಯಾ (ದಪ್ಪಗಾಗುವ ಭಯದಿಂದ ಊಟವನ್ನೇ ಅತಿಯಾಗಿ ಕಡಿಮೆ ಮಾಡುವ ಕಾಯಿಲೆ) ಬಗ್ಗೆ ಹೇಳುವಾಗ ಮಾತ್ರ ರೋಗಿಗಳು ಎಷ್ಟು ಉಪವಾಸವಿದ್ದರು, ಎಷ್ಟು ತೂಕ ಇಳಿಸಿದರು ಎಂಬ ವಿವರ ಬೇಡ. ಆಗಲೇ ಒದ್ದಾಡುತ್ತಿರುವವರಿಗೆ ಅದು ಎಚ್ಚರಿಕೆಯಾಗುವ ಬದಲು ಗುರಿಯಾಗಿಬಿಡಬಹುದು.

ಉತ್ತರ 3:
ಗಂಡುಮಕ್ಕಳನ್ನೂ ಮರೆಯಬೇಡಿ. ಕಾಲೇಜಿನಲ್ಲಿದ್ದಾಗ ನಾನು ಭುಜ ಅಗಲವಾಗಿ ಕಾಣಲೆಂದು ಬೇಸಿಗೆಯಲ್ಲೂ ಒಂದರ ಮೇಲೊಂದು ಎರಡು ಅಂಗಿ ತೊಡುತ್ತಿದ್ದೆ. ಎಷ್ಟು ಕಸರತ್ತು ಮಾಡಿದರೂ ಮೈಕಟ್ಟು ಸಾಲದು ಎಂದು ಕೊರಗಿಸುವ ತೀವ್ರ ಸ್ಥಿತಿಗೆ ಮನೋವೈದ್ಯ ಹ್ಯಾರಿಸನ್ ಪೋಪ್ ಮತ್ತು ಸಂಗಡಿಗರು 1997ರಲ್ಲಿ 'ಮಸಲ್ ಡಿಸ್ಮಾರ್ಫಿಯಾ' ಎಂದು ಹೆಸರಿಟ್ಟರು. ನನ್ನದು ಅಷ್ಟು ತೀವ್ರವಾಗಿತ್ತೆಂದು ಹೇಳಲಾರೆ, ಆದರೆ ನಮ್ಮ ಆರೋಗ್ಯ ಪಾಠದಲ್ಲಿ ಆ ಮಾತು ಒಮ್ಮೆಯಾದರೂ ಬಂದಿದ್ದರೆ ಯಾರೊಂದಿಗಾದರೂ ಬಾಯಿಬಿಡುತ್ತಿದ್ದೆ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಕೃತಜ್ಞತೆಗಳು. ಬರೆದಿಟ್ಟುಕೊಂಡಿದ್ದ ತೂಕದ ಪಟ್ಟಿಯನ್ನು ಹರಿದುಹಾಕಿದ್ದೇನೆ. ಆ ವಿದ್ಯಾರ್ಥಿನಿ ಇಂದು ಬಂದಿದ್ದಳು. ತೂಕದ ಮಾತೆತ್ತದೆ, ಎಲ್ಲರೆದುರು ಅಳೆಸಿದ್ದು ನನ್ನ ತಪ್ಪು ಎಂದಷ್ಟೇ ಹೇಳಿದೆ. ಆಪ್ತಸಮಾಲೋಚಕರ ಕೊಠಡಿ ಎಲ್ಲಿದೆ ಎಂದು ಅವಳೇ ಕೇಳಿದಳು, ಜೊತೆಗೆ ಹೋಗಿ ತೋರಿಸಿ ಬಂದೆ.