ಮಳೆಗಾಲದಲ್ಲಿ ಇಗುವಾನ ತಿನ್ನುತ್ತಿಲ್ಲ, ಕಾಲು ಬೇರೆ ಅದುರುತ್ತಿದೆ

ಬಿಜೈಯವ:
ಮನೆಯಲ್ಲಿ ಹಸಿರು ಇಗುವಾನ (ಓತಿಯಂಥ ದೊಡ್ಡ ಸರೀಸೃಪ) ಇದೆ, ವರ್ಷ ದಾಟಿದೆ. ಬೇಸಿಗೆಯಲ್ಲಿ ಚೆನ್ನಾಗಿತ್ತು. ಮಳೆ ಹಿಡಿದ ಮೇಲೆ ತಿನ್ನುವುದು ಕಡಿಮೆ. ಈಗ ಹಿಂಗಾಲಿನ ಬೆರಳು ಅದುರುತ್ತದೆ, ಕೊಂಬೆ ಹತ್ತಿದರೆ ಜಾರುತ್ತದೆ. ಆದರೆ ತೊಡೆ ಒಳ್ಳೆ ದಪ್ಪ ಇದೆ, ಸೊರಗಿಲ್ಲ. ಬಸಳೆ, ಹರಿವೆ, ಪಾಲಕ್ ಕೊಡುತ್ತೇನೆ. ಗೂಡು ಕಿಟಕಿ ಪಕ್ಕವೇ, ಗಾಜಿನಿಂದ ಬೆಳಕು ಬರುತ್ತದೆ. ಬಿಸಿಗೆ ಕೋಳಿಮರಿಗೆ ಹಾಕುವ ಕೆಂಪು ಬಲ್ಬು. ಹುಳದ ಔಷಧಿ ಕೊಡಲಾ?

ಮಣಿಪಾಲ ಗುಡ್ಡೆ:
ಔಷಧಿ ಸದ್ಯಕ್ಕೆ ಬಿಡಿ ಮಾರಾಯ್ರೇ. ನನಗೆ ಹೆದರಿಕೆ ಆ ದಪ್ಪ ತೊಡೆಯದ್ದೇ. ಕ್ಯಾಲ್ಸಿಯಂ ಸಾಲದಿದ್ದರೆ ದೇಹ ಅದನ್ನು ಎಲುಬಿನಿಂದ ಎಳೆದುಕೊಳ್ಳುತ್ತದೆ. ಮೆತ್ತಗಾದ ಎಲುಬಿನ ಸುತ್ತ ನಾರು ಬೆಳೆದು ತೊಡೆ ಊದುತ್ತದೆ. ನೋಡುವವರಿಗೆ ಪುಷ್ಟಿಯಾಗಿದೆ ಅನಿಸುತ್ತದೆ. ಬೆರಳು ಅದುರುವುದೂ ಕ್ಯಾಲ್ಸಿಯಂ ಇಳಿದದ್ದಕ್ಕೇ ಇರಬೇಕು. ಇದಕ್ಕೆ ಎಂಬಿಡಿ (ಮೆಟಬಾಲಿಕ್ ಬೋನ್ ಡಿಸೀಸ್, ಎಲುಬು ಮೆತ್ತಗಾಗುವ ಕಾಯಿಲೆ) ಅನ್ನುತ್ತಾರೆ. ಸರೀಸೃಪ ನೋಡುವ ಡಾಕ್ಟರಲ್ಲಿ ಎಕ್ಸ್‌ರೇ ತೆಗೆಸಿ, ಈ ವಾರವೇ. ಅಲ್ಲಿಯವರೆಗೆ ಎತ್ತರದ ಕೊಂಬೆ ತೆಗೆದಿಡಿ, ಬಿದ್ದರೆ ಎಲುಬು ಮುರಿಯುತ್ತದೆ.

ಬೇಸಿಗೆಯಲ್ಲಿ ಟೆರೇಸಿಗೆ ಬಿಡುತ್ತಿದ್ದಿರಾ?

ಬಿಜೈಯವ:
ಹೌದು, ಬೆಳಿಗ್ಗೆ ದಿನಾ. ಈಗ ಜೂನ್‌ನಿಂದ ಬಿಸಿಲೇ ಇಲ್ವಲ್ಲ.

ಮಣಿಪಾಲ ಗುಡ್ಡೆ:
ಹಾಗಾದರೆ ಅದೇ. ಟೆರೇಸಿನ ಬಿಸಿಲು ಇಷ್ಟು ದಿನ ನಡೆಸಿಕೊಂಡು ಬಂದಿದೆ. ಕಿಟಕಿ ಗಾಜು ಬೆಳಕು ಬಿಡುತ್ತದೆ, ಬಿಸಿಲಲ್ಲಿರುವ, ಕಣ್ಣಿಗೆ ಕಾಣದ ಯುವಿಬಿ ಕಿರಣವನ್ನು ತಡೆಯುತ್ತದೆ. ಚರ್ಮಕ್ಕೆ ಯುವಿಬಿ ಬೀಳದಿದ್ದರೆ ವಿಟಮಿನ್ ಡಿ3 ಆಗುವುದಿಲ್ಲ. ಡಿ3 ಇಲ್ಲದಿದ್ದರೆ ತಿಂದ ಕ್ಯಾಲ್ಸಿಯಂ ಮೈಗೆ ಹತ್ತುವುದಿಲ್ಲ. ಕೆಂಪು ಬಲ್ಬು ಕೊಡುವುದು ಬಿಸಿ ಮಾತ್ರ. ಸರೀಸೃಪಗಳಿಗೇ ಮಾಡಿದ ಯುವಿಬಿ ಟ್ಯೂಬ್ ಬೇಕು. ಕೂರುವ ಜಾಗಕ್ಕೆ ಸುಮಾರು ಒಂದು ಅಡಿ ಮೇಲೆ, ನಡುವೆ ಗಾಜು, ಪ್ಲಾಸ್ಟಿಕ್ ಏನೂ ಇರಬಾರದು. ದಿನಕ್ಕೆ 12 ಗಂಟೆ. ಉರಿಯುತ್ತಲೇ ಇದ್ದರೂ ಯುವಿಬಿ ಕುಂದುತ್ತದೆ, ಆರು ತಿಂಗಳಿಂದ ವರ್ಷದೊಳಗೆ ಬದಲಿಸಿ. ನೇರಳೆ ಬೆಳಕಿನ ಅಗ್ಗದ ಎಲ್‌ಇಡಿ ತಂದು ಸುಮ್ನೆ ದುಡ್ಡು ಹಾಳು ಮಾಡಬೇಡಿ.

ಬಲ್ಬಿನ ಕೆಳಗೆ 35 ಡಿಗ್ರಿ ಆಸುಪಾಸು ಇದೆಯಾ ಅಂತ ಥರ್ಮಾಮೀಟರ್ ಇಟ್ಟು ನೋಡಿ. ಸೊಪ್ಪು ಇದರ ಕರುಳಲ್ಲಿ ಹುಳಿಬಂದು ಜೀರ್ಣವಾಗಬೇಕು, ಅದಕ್ಕೆ ಬಿಸಿ ಬೇಕು. ಮೈ ತಣ್ಣಗಿದ್ದರೆ ಹಸಿವೇ ಆಗುವುದಿಲ್ಲ.

ಕಾಪು ಕಡಲು:
ಸೊಪ್ಪಿನ ಬಗ್ಗೆ ನಾನು ಹೇಳ್ತೇನೆ. ನೀವು ಕೊಡುವ ಮೂರರಲ್ಲೂ ಆಕ್ಸಲೇಟ್ ಜಾಸ್ತಿ. ಅದು ಕ್ಯಾಲ್ಸಿಯಂ ಕಟ್ಟಿಹಾಕುತ್ತದೆ. ನಮ್ಮೂರಲ್ಲಿ ಹಿತ್ತಿಲಲ್ಲೇ ಬೇರೆ ಉಂಟಲ್ಲ: ನುಗ್ಗೆ ಸೊಪ್ಪು, ದಾಸವಾಳದ ಎಲೆ ಮತ್ತು ಹೂ, ಹಿಪ್ಪುನೇರಳೆ ಎಲೆ. ಜೊತೆಗೆ ಚೀನಿಕಾಯಿ ತುರಿ, ಅಲಸಂಡೆ. ಹಣ್ಣು ಸ್ವಲ್ಪವೇ ಸಾಕು. ಮೊಟ್ಟೆ, ಮಾಂಸ ಬೇಡ, ಇದು ಸೊಪ್ಪು ತಿನ್ನುವ ಪ್ರಾಣಿ. ರಂಜಕ (ಫಾಸ್ಫರಸ್) ಇಲ್ಲದ ಕ್ಯಾಲ್ಸಿಯಂ ಪುಡಿಯನ್ನು ಸೊಪ್ಪಿನ ಮೇಲೆ ಉದುರಿಸಿ, ಎಷ್ಟು ಅಂತ ಡಾಕ್ಟರ್ ಹೇಳಲಿ.

ಬಿಜೈಯವ:
ಮನೆಯಲ್ಲಿ ಅಮ್ಮನ ಡಿ3 ಪುಡಿ ಪೊಟ್ಟಣ ಇದೆ, 60,000 ಯೂನಿಟ್‌ನದು. ಒಂಚೂರು ಹಾಕಬಹುದಾ? ಅಜ್ಜಿ ಎಲೆ ಅಡಿಕೆಯ ಸುಣ್ಣ ಹಚ್ಚು ಅಂತಾರೆ.

ಮಣಿಪಾಲ ಗುಡ್ಡೆ:
ಎರಡೂ ಬೇಡ! ಡಿ3 ಜಾಸ್ತಿಯಾದರೆ ಮೂತ್ರಪಿಂಡ, ರಕ್ತನಾಳದಲ್ಲೆಲ್ಲ ಕ್ಯಾಲ್ಸಿಯಂ ಕೂರುತ್ತದೆ. ಸುಣ್ಣ ಬಾಯಿ ಸುಡುತ್ತದೆ. ಅಜ್ಜಿಗೆ ನೀವೇ ಹೇಳಿ, ನನ್ನಿಂದಾಗದು.

ಕಾಪು ಕಡಲು:
ಇನ್ನೊಂದು. ಇಗುವಾನ ಸೈಟಿಸ್ (ಕಾಡುಪ್ರಾಣಿ, ಸಸ್ಯಗಳ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ) ಎರಡನೇ ಅನುಬಂಧದಲ್ಲಿದೆ. 2024ರ ನಿಯಮದ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಬೇಕು. ಮಾಡಿಸಿದ್ದೀರಾ?

ಬಿಜೈಯವ:
ಅದು ಆಗಿದೆ. ಎಕ್ಸ್‌ರೇ ಇವತ್ತು ತೆಗೆಸಿದೆ. ಎಲುಬು ತೆಳ್ಳಗಾಗಿದೆ, ಮುರಿದಿಲ್ಲ. ಬಾಯಿಗೆ ಹಾಕುವ ಕ್ಯಾಲ್ಸಿಯಂ ಸಿರಪ್ ಬರೆದುಕೊಟ್ಟರು. ಟ್ಯೂಬ್ ತರಿಸಿದ್ದೇನೆ. ಒಂದೇ ಚಿಂತೆ, ನಮ್ಮಲ್ಲಿ ಗಾಳಿಮಳೆಗೆ ಕರೆಂಟ್ ಹೋದರೆ ಹೊತ್ತು ಹೊತ್ತು ಬರುವುದಿಲ್ಲ.

ಮಣಿಪಾಲ ಗುಡ್ಡೆ:
ಟ್ಯೂಬನ್ನು ಇನ್ವರ್ಟರಿಗೆ ಹಾಕಿ, ಜಾಸ್ತಿ ಎಳೆಯುವುದಿಲ್ಲ. ಬಿಸಿ ಬಲ್ಬು ಹಾಕಿದರೆ ಬ್ಯಾಟರಿ ಬೇಗ ಮುಗಿಯುತ್ತದೆ. ಕರೆಂಟ್ ಇಲ್ಲದಾಗ ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿ ಗೂಡಿನ ಒಂದು ಮೂಲೆಯಲ್ಲಿಡಿ. ಗೂಡನ್ನು ಪೂರ್ತಿ ಮುಚ್ಚಬೇಡಿ, ಈ ತೇವಕ್ಕೆ ಬೂಸ್ಟು ಹಿಡಿಯುತ್ತದೆ. ನೀರು ಚಿಮುಕಿಸುವುದೂ ಈಗ ಬೇಡ. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ, ಸಾಲ್ಮೊನೆಲ್ಲಾ ಅನ್ನುವ, ಹೊಟ್ಟೆ ಕೆಡಿಸುವ ರೋಗಾಣು ಇರುತ್ತದೆ.