‘ಉಡಂಬಡಿ’ಗೆ ಒಡಂಬಡಿಕೆಯೇ? ನಾಳೆ ಸಂಜೆಯೊಳಗೆ ಬೇಕು

ಬದಿಯಡ್ಕದಿಂದ:

ನಮ್ಮೂರ ಇಗರ್ಜಿಯ ಧರ್ಮಶಿಕ್ಷಣ ಕೊಠಡಿಗೆ, ಬೈಬಲಿನಲ್ಲಿ ದೇವರು ಮನುಷ್ಯರೊಂದಿಗೆ ಮಾಡಿಕೊಂಡ ಒಡಂಬಡಿಕೆಗಳ ಕುರಿತು ಐದು ಫಲಕ ಬರೆಸುತ್ತಿದ್ದಾರೆ: ನೋಹ, ಅಬ್ರಹಾಮ, ಮೋಶೆ, ದಾವೀದ, ಕ್ರಿಸ್ತ. ಮೂಲ ಮಲಯಾಳದಲ್ಲಿದೆ; ಕನ್ನಡ ಮಾಡುವ ಕೆಲಸ ನನ್ನ ತಲೆಗೆ ಬಿದ್ದಿದೆ. ಅಲ್ಲಿ ಒಳಬರಹದಲ್ಲೆಲ್ಲ ‘ಉಡಂಬಡಿ’, ಗ್ರಂಥದ ಹೆಸರಿನಲ್ಲಿ ಮಾತ್ರ ‘ಪಳಯ ನಿಯಮಂ’, ‘ಪುದಿಯ ನಿಯಮಂ’. ‘ಒಡಂಬಡಿಕೆ’ ಎಂದು ಹಾಕಿದ್ದಕ್ಕೆ ಸಮಿತಿಯ ಹಿರಿಯರೊಬ್ಬರು ತಡೆದರು. ಅಡಿಕೆ ತೋಟ ಗೇಣಿಗೆ ಕೊಟ್ಟ ಹಾಗೆ ಕೇಳುತ್ತದೆ, ದೇವರಿಗೂ ಮನುಷ್ಯನಿಗೂ ಎಲ್ಲಿಯ ಸರಿಸಮ, ‘ವಾಗ್ದಾನ’ ಎನ್ನಿ ಎಂದರು. ಪೇಂಟರ್ ನಾಳೆ ಸಂಜೆ ಬರುತ್ತಾನೆ. ಮೇಲಿನ ತಲೆಬರಹ ‘ದಿವ್ಯ ಒಡಂಬಡಿಕೆಗಳು’ ಎಂದರೆ ನಡೆಯುತ್ತದೆಯೇ?

ಮಂಜೇಶ್ವರದಿಂದ:

ಕನ್ನಡ ಬೈಬಲಿನಲ್ಲಿ ‘ಹಳೆಯ ಒಡಂಬಡಿಕೆ’, ‘ಹೊಸ ಒಡಂಬಡಿಕೆ’ ಎಂದು ಅಚ್ಚಾಗಿರುವಾಗ ಇದೂ ಒಂದು ಪ್ರಶ್ನೆಯೇ? ಉಡಂಬಡಿ, ಒಡಂಬಡಿಕೆ, ತಮಿಳಿನ ಉಡನ್‌ಪಡಿಕ್ಕೈ ಎಲ್ಲವೂ ಒಂದೇ ಬಳ್ಳಿಯವು. ಒಡನ್ + ಪಡು. ಜೊತೆಗೂಡುವುದು, ಸಮ್ಮತಿಸುವುದು. ವಾಗ್ದಾನಕ್ಕೆ ಒಬ್ಬ ಸಾಕು, ಒಡಂಬಡಿಕೆಗೆ ಇಬ್ಬರು ಬೇಕು. ಚರ್ಚೆ ಮುಗಿಯಿತು.

ಕುಂಬಳೆಯಿಂದ:

ಮುಗಿಯಲಿಲ್ಲ, ಮಾಷ್ಟ್ರೇ. ಧಾತು ಹಿಡಿದು ದೇವಶಾಸ್ತ್ರ ಹೇಳಲು ಹೊರಟರೆ ಮೊದಲ ಫಲಕದಲ್ಲೇ ಎಡವುತ್ತೀರಿ. ಬೈಬಲಿನ ಮೊದಲ ಗ್ರಂಥವಾದ ಆದಿಕಾಂಡದ 9ನೆಯ ಅಧ್ಯಾಯದಲ್ಲಿ ದೇವರು ಒಡಂಬಡಿಕೆ ಮಾಡಿಕೊಳ್ಳುವುದು ನೋಹನ ಸಂತತಿಯೊಂದಿಗೆ ಮಾತ್ರವಲ್ಲ, ಹಕ್ಕಿ, ದನ, ಕಾಡುಮೃಗಗಳೊಂದಿಗೂ. ಅವು ಯಾವಾಗ ಒಡಂಬಟ್ಟವು? ಗುರುತಿಗೆ ಮುಗಿಲಿನಲ್ಲಿಟ್ಟ ಬಿಲ್ಲೂ ದೇವರದೇ.

ಅಬ್ರಹಾಮನದು ಇನ್ನೂ ಸ್ಪಷ್ಟ. 15ನೆಯ ಅಧ್ಯಾಯ ತೆರೆಯಿರಿ. ಮೂರು ವರ್ಷದ ಕಡಸು, ಆಡು, ಟಗರು. ಇವನ್ನು ನಡುವೆ ಸೀಳಿ ತುಂಡುಗಳನ್ನು ಎದುರುಬದುರಾಗಿ ಇಡುತ್ತಾನೆ. ಹಕ್ಕಿಗಳನ್ನು ಮಾತ್ರ ಸೀಳುವುದಿಲ್ಲ. ಹೆಣಗಳ ಮೇಲೆ ಎರಗಿದ ಹದ್ದುಗಳನ್ನು ಓಡಿಸುತ್ತ ಕೂರುತ್ತಾನೆ. ಹೊತ್ತು ಮುಳುಗುವಾಗ ಅವನಿಗೆ ಗಾಢನಿದ್ದೆ. ಕತ್ತಲಾದ ಮೇಲೆ ಹೊಗೆಯಾಡುವ ಒಲೆಯೂ ಉರಿಯುವ ಪಂಜೂ ಆ ತುಂಡುಗಳ ನಡುವೆ ಹಾದುಹೋಗುತ್ತವೆ. ‘ಮಾತಿಗೆ ತಪ್ಪಿದರೆ ನನಗೂ ಇದೇ ಗತಿಯಾಗಲಿ’ ಎಂಬುದು ಆ ಕ್ರಮದ ಅರ್ಥ. ಪ್ರವಾದಿ ಯೆರೆಮೀಯನ ಗ್ರಂಥದ 34ನೆಯ ಅಧ್ಯಾಯದಲ್ಲಿ ಕರುವನ್ನು ಸೀಳಿ ನಡುವೆ ನಡೆದವರಿಗೆ ಹೇಳುವುದೂ ಇದನ್ನೇ. ಹೀಬ್ರೂವಿನಲ್ಲಿ ‘ಬೆರೀತ್’ (ಒಡಂಬಡಿಕೆ) ಮಾಡುವುದಿಲ್ಲ, ‘ಕತ್ತರಿಸು’ತ್ತಾರೆ. ಇಲ್ಲಿ ಒಲೆ, ಪಂಜುಗಳ ರೂಪದಲ್ಲಿ ನಡೆದವನು ದೇವರು, ಅಬ್ರಹಾಮನಲ್ಲ; ಅವನು ನಿದ್ದೆಯಲ್ಲಿದ್ದ. ನಿಮ್ಮ ಹಿರಿಯರು ಹೇಳುತ್ತಿರುವುದು ಇದನ್ನೇ, ಅವರು ಪೆದ್ದರಲ್ಲ.

ಆದರೂ ‘ವಾಗ್ದಾನ’ ಮೂರನೆಯ ಫಲಕಕ್ಕೆ ಒಗ್ಗುವುದಿಲ್ಲ. ಸೀನಾಯಿ ಬೆಟ್ಟದ ಬುಡದಲ್ಲಿ ಮೋಶೆ ಗ್ರಂಥ ಓದಿ ಹೇಳುತ್ತಾನೆ, ಜನ ‘ಹಾಗೆಯೇ ನಡೆಯುತ್ತೇವೆ’ ಎನ್ನುತ್ತಾರೆ, ಬಲಿಯ ರಕ್ತದಲ್ಲಿ ಅರ್ಧ ಯಜ್ಞವೇದಿಗೆ, ಉಳಿದದ್ದು ಜನರ ಮೇಲೆ. ಅದು ಎರಡು ಕಡೆಯ ಮಾತು. ಕಡೆಯ ಭೋಜನದಲ್ಲಿ ಕ್ರಿಸ್ತನು ಬಟ್ಟಲು ಹಿಡಿದು ರಕ್ತ, ಹೊಸ ಒಡಂಬಡಿಕೆ ಎನ್ನುವಾಗ ಹಿಂದಿರುವುದು ಈ ರಕ್ತ ಮತ್ತು ಹೊಸ ಒಡಂಬಡಿಕೆಯ ಮಾತಿರುವ ಯೆರೆಮೀಯ 31. ಹಳೆಯ ಒಡಂಬಡಿಕೆಯ ಗ್ರೀಕ್ ಅನುವಾದಕರು ‘ಬೆರೀತ್’ಗೆ ಸರಿಸಮರ ಒಪ್ಪಂದವಾದ ‘ಸುಂಥೇಕೇ’ ಬಿಟ್ಟು ‘ದಿಯಥೇಕೇ’ ಹಿಡಿದರು. ಅದಕ್ಕೆ ಉಯಿಲು ಎಂಬ ಅರ್ಥವೂ ಇದೆ, ಬರೆದವನು ಸಾಯದೆ ಉಯಿಲು ಜಾರಿಗೆ ಬಾರದು ಎಂದು ಇಬ್ರಿಯರ ಪತ್ರ 9 ವಾದಿಸುವುದು ಅದನ್ನೇ ಹಿಡಿದು. ಒಡಂಬಡಿಕೆಯನ್ನೇ ಇಡಿ. ಯಾರು ಯಾರಿಗೆ ಕಟ್ಟುಬಿದ್ದರು ಎಂಬುದನ್ನು ಫಲಕದ ಒಳಬರಹ ಹೇಳಲಿ.

ಮುಳ್ಳೇರಿಯಾದಿಂದ:

‘ದಿವ್ಯ’ ಯಾಕೆ? ಅಚ್ಚಗನ್ನಡದ ಪದದ ತಲೆಗೆ ಸಂಸ್ಕೃತದ ಮುಂಡಾಸು. ‘ದೇವರೊಡಂಬಡಿಕೆ’ ಎಂದರೆ ಸಾಕು. ಸುತ್ತಲಿನವರನ್ನು ನೋಡಿ: ಮಲಯಾಳದವರಿಗೆ ನಿಯಮ, ತೆಲುಗರಿಗೆ ನಿಬಂಧನ, ಮರಾಠಿಯವರಿಗೆ ಕರಾರು. ಸ್ವಂತದ್ದನ್ನು ಉಳಿಸಿಕೊಂಡವರು ನಾವು. ‘ಹಳೆಯ ನಿಯಮ’ ಎಂದು ಅಕ್ಷರ ಬದಲಿಸಿ ಬರೆದರೆ ಹಳೆಯ ಬಸ್ ನಿಯಮವೋ ಎಂದು ಕೇಳುತ್ತಾರೆ. 1956ರಲ್ಲಿ ಕೇರಳಕ್ಕೆ ಸೇರಿದಂದಿನಿಂದ ಕಾಸರಗೋಡಿನ ಕನ್ನಡ ಫಲಕಗಳ ಪಾಡೇ ಇದು, ಲಿಪಿ ನಮ್ಮದು, ಮಾತು ಅವರದು.

ಮಂಜೇಶ್ವರದಿಂದ:

‘ದೇವರೊಡಂಬಡಿಕೆ’ಯನ್ನು ಮಕ್ಕಳು ‘ದೇವರೊಡ’ ಎಂದು ಅರ್ಧಕ್ಕೆ ನಿಲ್ಲಿಸಿ ಓದುತ್ತಾರೆ. ಫಲಕಕ್ಕೆ ಸಂಧಿ ಬೇಡ. ಇನ್ನು ಸಂಸ್ಕೃತದ ಮುಂಡಾಸು ಕಿತ್ತವರು ಪೋರ್ಚುಗೀಸರ ‘ಇಗರ್ಜಿ’, ಅರಬ್ಬಿಯ ‘ಕರಾರು’, ಇಂಗ್ಲಿಷಿನ ‘ಉಯಿಲು’ ಕೀಳುವುದು ಯಾವಾಗ? ನೋಂದಣಿ ಕಚೇರಿಗೆ ಹೋಗಿ ಕರಾರುಪತ್ರ ಎನ್ನದೆ ಕೆಲಸ ಮಾಡಿಸಿಕೊಂಡು ಬನ್ನಿ, ಆಮೇಲೆ ಮಾತನಾಡೋಣ.

ಮುಳ್ಳೇರಿಯಾದಿಂದ:

ಕಚೇರಿಯ ಕನ್ನಡವೇ ಮಾದರಿಯಾದರೆ ಈ ಬಳಗ ಯಾಕೆ? ಬಂದದ್ದು ಬರಲಿ, ಇದ್ದದ್ದನ್ನು ಹೊರಹಾಕಬೇಡಿ ಎಂದಷ್ಟೇ ನಾನು ಹೇಳಿದ್ದು.

ಬದಿಯಡ್ಕದಿಂದ:

ಎಲ್ಲರಿಗೂ ವಂದನೆ. ತಲೆಬರಹ ‘ದೇವರ ಒಡಂಬಡಿಕೆಗಳು’, ಬಿಡಿಸಿಯೇ. ಆದಿಕಾಂಡ 15ನ್ನು ಹಿರಿಯರಿಗೆ ಓದಿ ಹೇಳಿದೆ; ಪಂಜಿನ ಚಿತ್ರ ಬರೆಸುವುದಾದರೆ ಪದಕ್ಕೆ ತಕರಾರಿಲ್ಲ ಎಂದರು. ‘ನೋಹನ ಒಡಂಬಡಿಕೆ’ ಎಂದರೆ ನೋಹನೇ ಮಾಡಿದಂತಾಗುತ್ತದೆ, ಆದ್ದರಿಂದ ‘ನೋಹನೊಂದಿಗೆ’, ‘ಅಬ್ರಹಾಮನೊಂದಿಗೆ’ ಎಂದು ಬರೆಸುತ್ತಿದ್ದೇನೆ. ಐದನೆಯದಕ್ಕೆ ‘ಕ್ರಿಸ್ತನಲ್ಲಿ’. ಸಪ್ತಮಿಗೆ ಯಾರದಾದರೂ ಆಕ್ಷೇಪವಿದ್ದರೆ ನಾಳೆ ನಾಲ್ಕು ಗಂಟೆಯೊಳಗೆ ತಿಳಿಸಿ.